ಸುಕ್ಕು ಮತ್ತು ಸಂಪರ್ಕ

ಏಪ್ರಿಲ್ 9, ಗುರುವಾರ

ಸಂಸ್ಥೆಯಿಂದ ಆದೇಶ ಬಂದಿದೆ. ನಮ್ಮ ಚರ್ಮ ವಿಭಾಗದ ಅಧ್ಯಯನವನ್ನೂ ಎದುರು ಬಾಗಿಲಿನ ನಡವಳಿಕೆ ವಿಭಾಗದ ಅಧ್ಯಯನವನ್ನೂ ಒಂದು ಮಾಡಿದ್ದಾರೆ. ಸೋಂಕಿನ ಕಾಲದಲ್ಲಿ ಜನರಿಗೆ ಪದೇ ಪದೇ ಫೋನ್ ಮಾಡಿ ಪೀಡಿಸಬಾರದಂತೆ, ಒಂದೇ ಕರೆಯಲ್ಲಿ ಎರಡನ್ನೂ ಕೇಳಿ ಮುಗಿಸಬೇಕಂತೆ. ನಮ್ಮದು, ವಯಸ್ಸಾದಂತೆ ಚರ್ಮ ಹೇಗೆ ಸುಕ್ಕುಗಟ್ಟುತ್ತದೆ ಎಂಬುದು. ಅವರದು, ಸೋಂಕಿನ ಕಾಲದಲ್ಲಿ ಜನರ ಲೈಂಗಿಕ ನಡವಳಿಕೆ. ಆ ಪದ ಬರೆಯುವಾಗ ಈ ದಿನಚರಿಯಲ್ಲೇ ನನ್ನ ಪೆನ್ನು ಒಮ್ಮೆ ನಿಂತಿತು. ಮನೆಯಲ್ಲೇ ಕೂತು ಫೋನಿನಲ್ಲಿ ಕೇಳಬೇಕಾದವಳು ನಾನು.

ನಮ್ಮ ಸುಕ್ಕು ಸಾಹೇಬರಿಗೂ ಎದುರಿನ ನಡತೆ ಮೇಡಂಗೂ ಆರು ವರ್ಷದಿಂದ ಮಾತಿಲ್ಲ. ಒಂದು ಸೂಕ್ಷ್ಮದರ್ಶಕ ಯಾರ ಕೋಣೆಯಲ್ಲಿರಬೇಕು ಎಂಬಲ್ಲಿ ಹಳಸಿದ್ದು. ನಡವಳಿಕೆ ನೋಡಲು ಸೂಕ್ಷ್ಮದರ್ಶಕ ಏಕೆ ಎಂದು ಯಾರೂ ಕೇಳಲಿಲ್ಲ. ಅದು ಈಗಲೂ ಕಾರಿಡಾರಿನಲ್ಲಿದೆ, ಯಾರದೋ ಕೊಡೆ ಅದಕ್ಕೆ ನೇತುಬಿದ್ದಿರುತ್ತದೆ.

ಮನೆಯಲ್ಲಿ ನಮ್ಮ ಯಜಮಾನರ ಕ್ವಾರಂಟೈನಿನ ಹದಿನಾಲ್ಕು ದಿನ ಮೊನ್ನೆಗೆ ಮುಗಿಯಿತು. ಜ್ವರ ಮೂರನೇ ದಿನಕ್ಕೇ ಇಳಿದಿತ್ತು. ಮುಂದಿನ ಕೋಣೆಯಿಂದ ಹೊರಗೆ ಬಂದರು, ಮೇಜಿನ ಆ ತುದಿಯಲ್ಲಿ ಕೂತು ಊಟ ಮಾಡಿದರು, ತಟ್ಟೆ ತೊಳೆದಿಟ್ಟು ಮತ್ತೆ ಮುಂದಿನ ಕೋಣೆಗೇ ಹೋದರು. ನಾನೂ ಏನೂ ಅನ್ನಲಿಲ್ಲ. ಆನ್‌ಲೈನ್ ಪಾಠಕ್ಕೆಂದು ಅಲ್ಲಿ ಬೋರ್ಡು ನಿಲ್ಲಿಸಿಕೊಂಡಿದ್ದಾರೆ. ಅವರಿಗೆ ಅದೇ ಅನುಕೂಲವಿರಬಹುದು.

ಏಪ್ರಿಲ್ 13, ಸೋಮವಾರ

ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದದ್ದೂ ನಾನೇ. ಮೊದಲ ಎಂಟು ಪ್ರಶ್ನೆ ಬಿಸಿಲು, ಸೋಪು, ನಿದ್ದೆ, ಹೀಗೆ ಸರಾಗ. ಹತ್ತನೆಯದು ಸುಕ್ಕು ಎಣಿಸುವುದು. ಒಂಬತ್ತನೆಯದರಲ್ಲಿ ಇಡೀ ದಿನ ಸಿಕ್ಕಿಬಿದ್ದೆ.

ಕನ್ನಡಿಯ ಮುಂದೆ ನಿಂತು ಒಂದೊಂದೇ ಪದವನ್ನು ಬಾಯಿಬಿಟ್ಟು ಹೇಳಿ ನೋಡಿದೆ. ‘ಸಂಭೋಗ’ ಎಂದರೆ ಕೋರ್ಟಿನ ವರದಿ ಓದಿದಂತೆ. ‘ಸಮಾಗಮ’ ಎಂದರೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರುತ್ತಾರೆ. ‘ದಾಂಪತ್ಯ ಸುಖ’ ಚೆನ್ನಾಗಿಯೇ ಇತ್ತು, ಆದರೆ ಒಂಬತ್ತನೆಯದರಲ್ಲಿ ಸುಖ, ಹತ್ತನೆಯದರಲ್ಲಿ ಸುಕ್ಕು ಎಂದರೆ ಫೋನಿನಲ್ಲಿ ಯಾರಿಗೆ ವ್ಯತ್ಯಾಸ ತಿಳಿಯುತ್ತದೆ? ‘ಕೂಡುವುದು’ ಎಂದು ಗಟ್ಟಿಯಾಗಿ ಹೇಳಿದ ಕ್ಷಣವೇ ಗೋಡೆಯಾಚೆಯಿಂದ ಇವರ ದನಿ ಬಂತು: “ಈಗ ಎರಡನ್ನೂ ಕೂಡಿ.” ಐದನೇ ಕ್ಲಾಸಿನ ಲೆಕ್ಕ. ನಾನು ಕಳ್ಳಿಯ ಹಾಗೆ ಬಾಯಿ ಮುಚ್ಚಿಕೊಂಡೆ.

ಕೊನೆಗೆ ‘ಸಂಪರ್ಕ’ ಎಂದು ಬರೆದೆ. ‘ಕಳೆದ ಮೂವತ್ತು ದಿನಗಳಲ್ಲಿ ತಮಗೆ ಎಷ್ಟು ಬಾರಿ ಸಂಪರ್ಕ ಆಗಿದೆ? ಸಂಗಾತಿಯೊಂದಿಗೋ, ಇತರರೊಂದಿಗೋ?’ ಮೇಡಂ ಫೋನಿನಲ್ಲಿ ಕೇಳಿಸಿಕೊಂಡು, ಗೌರವವಾಗಿದೆ ಎಂದರು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಏಪ್ರಿಲ್ 17, ಶುಕ್ರವಾರ

ಇಂದು ಒಂಬತ್ತು ಕರೆ. ಕಷ್ಟ ಒಂಬತ್ತನೇ ಪ್ರಶ್ನೆಯಲ್ಲಿ ಬರುತ್ತದೆ ಎಂದುಕೊಂಡಿದ್ದೆ, ಬಂದದ್ದು ಹತ್ತನೆಯದರಲ್ಲಿ. ಸಾಹೇಬರ ನಿಯಮ ಹೀಗಿದೆ: ಕಣ್ಣಿನ ಹೊರ ಅಂಚಿನ ಗೆರೆಗಳನ್ನು, ವ್ಯಕ್ತಿ ನಗುತ್ತಿರುವಾಗ, ಹಗಲಿನ ಬೆಳಕಿನಲ್ಲಿ, ಒಂದು ಗೇಣು ದೂರದಿಂದ, ಮನೆಯ ಇನ್ನೊಬ್ಬ ಸದಸ್ಯರು ಎಣಿಸಬೇಕು. ತಮ್ಮ ಸುಕ್ಕನ್ನು ತಾವೇ ಎಣಿಸಿದರೆ ಎಲ್ಲರೂ ಕಡಿಮೆ ಹೇಳುತ್ತಾರಂತೆ. ಲೋಕವೆಲ್ಲ ಆರಡಿ ದೂರ ನಿಲ್ಲಿ ಎನ್ನುತ್ತಿರುವಾಗ ನಾನು ಗೇಣು ದೂರ ಎನ್ನಬೇಕು.

ಒಬ್ಬರು ಟೈಲರ್, ಅಂಗಡಿ ಮುಚ್ಚಿ ಎಂಟು ವರ್ಷವಾಯಿತು, ಒಬ್ಬರೇ ಇರುವುದು. ಎಣಿಸಲು ಯಾರಿದ್ದಾರೆ ಎಂದು ಕೇಳಿದೆ. ಎದುರು ಬಾಲ್ಕನಿಯಲ್ಲಿ ಒಬ್ಬರು ಹೆಂಗಸು ಇದ್ದಾರೆ, ಅವರ ಹತ್ತಿರ ಹಕ್ಕಿ ನೋಡುವ ದುರ್ಬೀನು ಇದೆ, ದುರ್ಬೀನಿನಲ್ಲಿ ಗೇಣು ದೂರವೇ ಕಾಣುತ್ತದಲ್ಲ ಎಂದರು. ಸಾಹೇಬರನ್ನು ಕೇಳಿದೆ. ಅವರು ಹತ್ತು ನಿಮಿಷ ಯೋಚಿಸಿ ಒಪ್ಪಿದರು.

ತುಂಬಿದ ಫಾರಂಗಳನ್ನು ಇಡಲು ಜಾಗವಿಲ್ಲ. ಹಾಸಿಗೆಯ ಇವರ ಅರ್ಧದಲ್ಲಿ ಜೋಡಿಸಿದೆ. ಹೇಗೂ ಖಾಲಿಯಿತ್ತು.

ಏಪ್ರಿಲ್ 22, ಬುಧವಾರ

ಎಂಬತ್ತಾರು ವರ್ಷದ ಒಬ್ಬರು ಅಜ್ಜಿ. ಗಂಡ ತೀರಿಕೊಂಡು ಇಪ್ಪತ್ತು ವರ್ಷ. ಒಂಬತ್ತನೇ ಪ್ರಶ್ನೆ ಕೇಳದೆ ಬಿಡೋಣವೆಂದುಕೊಂಡೆ, ಆದರೆ ಯಾವ ಪ್ರಶ್ನೆಯನ್ನೂ ಬಿಡುವಂತಿಲ್ಲ. ಕಣ್ಣು ಮುಚ್ಚಿ ಕೇಳಿದೆ.

“ಅರವತ್ತು ಸಲ ಬರ್ಕೊಳಮ್ಮ,” ಎಂದರು. “ಹಾಲಿನವನು. ಬೆಳಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ. ಮಾಸ್ಕ್ ಮಾತ್ರ ಯಾವತ್ತೂ ತೆಗ್ದಿಲ್ಲ.”

ಅರವತ್ತು ಎಂದು ಬರೆದೆ. ‘ಇತರರು’ ಎಂಬಲ್ಲಿ ಗುರುತು ಹಾಕಿದೆ. ಫೋನಿಟ್ಟ ಮೇಲೆ ಕುರ್ಚಿ ಹುಡುಕಿ ಕೂತೆ.

ಏಪ್ರಿಲ್ 23, ಗುರುವಾರ

ದಿನಾ ರೇಡಿಯೋದಲ್ಲಿ ‘ಸೋಂಕಿತರ ಸಂಪರ್ಕಕ್ಕೆ ಬಂದವರು’ ಎನ್ನುತ್ತಾರೆ. ಜನ ನನ್ನನ್ನು ಆರೋಗ್ಯ ಇಲಾಖೆಯವಳು ಎಂದುಕೊಂಡಿದ್ದಾರೆ. ಐವತ್ತೆರಡು ಫಾರಂ ಹೀಗೇ ತುಂಬಿದೆ. ಪದ ನನ್ನದು. ಯಾರಿಗೂ ಹೇಳಲಾರೆ.

ಮೇ 2, ಶನಿವಾರ

ಸಾಹೇಬರು ಸಿಬ್ಬಂದಿಗೆಲ್ಲ ಒಂದೊಂದು ಡಬ್ಬಿ ಕ್ರೀಮು ಕಳಿಸಿದ್ದಾರೆ. ಮುಖದ ಎಡಭಾಗಕ್ಕೆ ಮಾತ್ರ ಹಚ್ಚಬೇಕು, ಬಲಭಾಗ ಇದ್ದ ಹಾಗೇ ಇರಬೇಕು, ಎರಡನ್ನೂ ಹೋಲಿಸಿ ನೋಡಲು. ವಾರಕ್ಕೊಮ್ಮೆ ಮನೆಯ ಇನ್ನೊಬ್ಬ ಸದಸ್ಯರು ಎರಡೂ ಕಡೆ ಎಣಿಸಿ ಸಹಿ ಹಾಕಬೇಕು. ಇವರಿಗೆ ಪಾಠಗಳು ಇರುತ್ತವೆ. ಕನ್ನಡಿ ನೋಡಿ ನಾನೇ ಎಣಿಸಿದೆ, ಎಡಗೈಯಲ್ಲಿ ನಾನೇ ಸಹಿ ಹಾಕಿದೆ. ಎಡ ಆರು, ಬಲ ಆರು.

ದಿನವಿಡೀ ಗೋಡೆಯಾಚೆ “ಕೇಳಿಸ್ತಾ ಇದೆಯಾ? ಎಲ್ಲರಿಗೂ ಕೇಳಿಸ್ತಾ ಇದೆಯಾ?” ಎನ್ನುತ್ತಿರುತ್ತಾರೆ. ನನಗೆ ಕೇಳಿಸುತ್ತದೆ. ಮಕ್ಕಳಿಗೆ ಕೇಳಿಸುವುದಿಲ್ಲ.

ಮೇ 9, ಶನಿವಾರ

ಮೊದಲ ನೂರು ಫಾರಂಗಳ ಫಲಿತಾಂಶ ಬಂದಿದೆ. ವಯಸ್ಸಾದಷ್ಟೂ ಸುಕ್ಕು ಹೆಚ್ಚು, ಸುಕ್ಕು ಹೆಚ್ಚಿದಷ್ಟೂ ಸಂಪರ್ಕ ಹೆಚ್ಚು. ನಲವತ್ತರವರು ತಿಂಗಳಿಗೆ ಎರಡು ಮೂರು ಎಂದರೆ, ಎಂಬತ್ತು ದಾಟಿದವರದು ಸರಾಸರಿ ಮೂವತ್ತೆಂಟು. ಇದರಲ್ಲಿ ಗುಟ್ಟೇನಿಲ್ಲ. ವಯಸ್ಸಾದವರಿಗೆ ಹಾಲು, ಔಷಧಿ, ತರಕಾರಿ ಎಲ್ಲ ಯಾರಾದರೂ ಬಾಗಿಲಿಗೆ ತಂದುಕೊಡುತ್ತಾರೆ, ಅವರು ಒಬ್ಬೊಬ್ಬರನ್ನೂ ಪ್ರಾಮಾಣಿಕವಾಗಿ ಹೇಳುತ್ತಾರೆ.

ಮೇಡಂ ಫೋನ್ ಮಾಡಿದರು.

“ಇದೇನ್ರೀ ಇದು, ಎಂಬತ್ತಾರರ ಅಜ್ಜಿ, ಹಾಲಿನವನು, ತಿಂಗಳಿಗೆ ಅರವತ್ತು?”

“ಅವರು ಹೇಳಿದ್ದನ್ನೇ ಬರೆದಿದೀನಿ ಮೇಡಂ.” ಇದು ಸುಳ್ಳಲ್ಲ.

ಮೇಡಂ, ಮುಪ್ಪನ್ನು ನಾವು ಯಾರೂ ಅರ್ಥವೇ ಮಾಡಿಕೊಂಡಿಲ್ಲ ಎಂದರು. ಈಗ ಹೇಳಿಬಿಡಬೇಕು ಎಂದುಕೊಂಡೆ, ಹೇಳಲಿಲ್ಲ.

ಮೇ 14, ಗುರುವಾರ

ತಡವಾಗಿ ಎಚ್ಚರವಾಯಿತು. ಬೆಳಗಿನ ಟೀ ಇವರೇ ಮಾಡಿ ತರುವುದು. ನನ್ನ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಹಿಂದೆ ಖಾಲಿ ಫಾರಂಗಳ ದೊಡ್ಡ ಪೆಟ್ಟಿಗೆ ಇದೆ. ಸಂದಿಯಲ್ಲಿ ಲೋಟ ಒಳಗೆ ಬರುತ್ತದೆ, ನಾನು ಹಿಡಿದುಕೊಳ್ಳುತ್ತೇನೆ. ಇಂದು ಲೋಟ ಪೆಟ್ಟಿಗೆಯ ಮೇಲಿತ್ತು, ಮೇಲೆ ತಟ್ಟೆ ಮುಚ್ಚಿತ್ತು. ಟೀ ತಣ್ಣಗಾಗಿತ್ತು. ಇಡೀ ದಿನ ಏನೋ ಕಳೆದುಕೊಂಡ ಹಾಗಿತ್ತು, ಸಕ್ಕರೆ ಕಡಿಮೆಯಾಗಿತ್ತೋ ಏನೋ.

ಮೇ 21, ಗುರುವಾರ

ನೂರ ಎಪ್ಪತ್ತು ಫಾರಂ ಮುಗಿದಿವೆ. ಸುಕ್ಕಿನ ಸಂಖ್ಯೆಯ ಪ್ರಕಾರ ಜೋಡಿಸಿದ್ದೇನೆ. ತಲೆದಿಂಬಿನ ಕಡೆ ಕಡಿಮೆ ಸುಕ್ಕಿನವರು, ಕಾಲಿನ ಕಡೆ ಹೆಚ್ಚಿನವರು. ನಾನು ಮಗ್ಗುಲು ಬದಲಿಸುವ ಹಾಗಿಲ್ಲ, ಅರವತ್ತರ ಮೇಲಿನವರೆಲ್ಲ ನೆಲಕ್ಕೆ ಬೀಳುತ್ತಾರೆ.

ಈಗೀಗ ಒಂದು ಕರೆಗೆ ಮುಕ್ಕಾಲು ಗಂಟೆ ಹಿಡಿಯುತ್ತಿದೆ. ನಿಯಮದ ಪ್ರಕಾರ ಹತ್ತು ನಿಮಿಷ. ಜನ ಮಾತು ನಿಲ್ಲಿಸುವುದಿಲ್ಲ, ಅಷ್ಟೇ. ಔಷಧಿ ಅಂಗಡಿಯವನು ಚಿಲ್ಲರೆ ಕೊಡುವಾಗ ಅಂಗೈ ಮುಟ್ಟಿದ ಎಂದು ಒಬ್ಬರು ಹೇಳಿದರು, ಅದು ಒಂದು. ಬಸ್ಸಿನಲ್ಲಿ ಯಾರೋ ಕಾಲು ತುಳಿದರಂತೆ, ಅದೂ ಒಂದು. “ಕ್ಷಮಿಸಿ ಅಂತ ಭುಜ ಹಿಡ್ಕೊಂಡ್ರು, ಅದನ್ನ ಬೇರೆ ಎಣಿಸ್ಬೇಕಾ?” ಎಂದು ಕೇಳಿದರು. ಬೇರೆ ಎಣಿಸಿ ಎಂದೆ.

ಟೈಲರ್‌ಗೆ ನಾನೇ ಇನ್ನೊಮ್ಮೆ ಫೋನ್ ಮಾಡಿದೆ. ಲೆಕ್ಕ ಸರಿಯಿದೆಯೇ ಎಂದು ನೋಡಲು. ಎದುರು ಬಾಲ್ಕನಿಯವರು ಎಣಿಸಿದ್ದಾರೆ, ಆದರೆ ಒಂದು ತಿಂಗಳಿಂದ ಎಣಿಸುತ್ತಲೇ ಇದ್ದಾರಂತೆ. ದಿನಾ ಸಾಯಂಕಾಲ ಐದಕ್ಕೆ ಈ ಟೈಲರ್ ಹೋಗಿ ನಗುತ್ತಾ ನಿಲ್ಲಬೇಕು. ದುರ್ಬೀನು ಹಳೆಯದು, ಒಂದು ಸಲಕ್ಕೆ ಸ್ಪಷ್ಟವಾಗುವುದಿಲ್ಲ ಎಂದರು. ನಾನು ಇಬ್ಬರಿಗೂ ಆರಾಮಾಗಿ ಎಣಿಸಲು ಹೇಳಿದೆ.

ಇಂದು ಇವರು ಬಿಳಿ ಶರ್ಟು ಹಾಕಿಕೊಂಡಿದ್ದರು, ಕಾಲರಿನ ಗುಂಡಿ ಹೋಗಿದೆ. ಪಾಠದಲ್ಲಿ ಮಕ್ಕಳಿಗೆ ಕಾಣುತ್ತದಲ್ಲ. ಹೊಲಿದುಕೊಡಬೇಕು. ಶರ್ಟು ಬಿಚ್ಚಿ ಕೊಡಿ ಎಂದು ಹೇಗೆ ಕೇಳುವುದು?

ನನ್ನದು ಎಡ ಐದು, ಬಲ ಏಳು. ಬಲ ಹೆಚ್ಚುತ್ತಿದೆ.

ಮೇ 28, ಗುರುವಾರ

ವಿಡಿಯೋ ಸಭೆಯಲ್ಲಿ ಸಾಹೇಬರೂ ಮೇಡಂ ಅವರೂ ನೇರವಾಗಿ ಮಾತಾಡಿಕೊಂಡರು. ಆರು ವರ್ಷದ ಮೇಲೆ. ಸುಕ್ಕಿದ್ದವರಿಗೆ ಸಂಪರ್ಕ ಹೆಚ್ಚೋ ಸಂಪರ್ಕವಿದ್ದವರಿಗೆ ಸುಕ್ಕು ಹೆಚ್ಚೋ ಎಂದು ಜಗಳ ಶುರುವಾಗಿ, ಎರಡೂ ಇರಬಹುದು ಎಂಬಲ್ಲಿಗೆ ನಿಂತಿತು. ಸಾಹೇಬರು, ಸೂಕ್ಷ್ಮದರ್ಶಕ ತಾವೇ ಇಟ್ಟುಕೊಳ್ಳಿ ಎಂದರು. ಮೇಡಂ, ಬೇಡ, ತಮ್ಮಲ್ಲೇ ಇರಲಿ ಎಂದರು. ಇದೆಲ್ಲ ಹಾಲಿನವನ ಪುಣ್ಯ.

ಈಗ ನಿಜ ಹೇಳಿದರೆ ಇಷ್ಟೂ ಕುಸಿಯುತ್ತದೆ. ಹೇಳದಿದ್ದರೆ ಈ ಸುಳ್ಳು ನಾಳೆ ಪುಸ್ತಕದಲ್ಲಿ ಅಚ್ಚಾಗುತ್ತದೆ. ಒಂದು ಪದವನ್ನು ಬಾಯಿಬಿಟ್ಟು ಹೇಳಲು ನಾಚಿದ್ದಕ್ಕೆ ಇಷ್ಟೆಲ್ಲ ಆಯಿತು.

ಜೂನ್ 4, ಗುರುವಾರ

ಕೊನೆಯ ಪಟ್ಟಿ ಬಂತು. ನಂಬರುಗಳನ್ನು ಕಂಪ್ಯೂಟರೇ ಚೀಟಿ ಎತ್ತಿದ ಹಾಗೆ ಆರಿಸುತ್ತದೆ, ಹೆಸರಿರುವುದಿಲ್ಲ. ಇನ್ನೂರ ಹದಿನೇಳನೆಯದನ್ನು ಮೂರು ಸಲ ಓದಿದೆ. ಇವರ ನಂಬರು.

ನಿಯಮಗಳ ಪುಸ್ತಕ ತಿರುವಿ ಹಾಕಿದೆ. ಕಿವಿ ಕೇಳದವರಿಗೆ ನಿಯಮವಿದೆ, ಬೈಯುವವರಿಗೆ ನಿಯಮವಿದೆ, ಪಕ್ಕದ ಕೋಣೆಯಲ್ಲಿರುವ ಗಂಡನಿಗೆ ಇಲ್ಲ. ಸಾಹೇಬರಿಗೆ ಫೋನ್ ಮಾಡಿ, ಗೊತ್ತಿರುವವರ ನಂಬರು ಬಂದಿದೆ, ಬಿಡಬಹುದೇ ಎಂದು ಕೇಳಿದೆ. “ನಂಬರು ಅಂದ್ರೆ ನಂಬರೇ,” ಎಂದರು. “ಒಂದು ಬಿಟ್ರೆ ಎಲ್ಲಾ ಹಾಳು.”

ನಾಳೆ ಕೇಳುತ್ತೇನೆ. ಇನ್ನೂರ ಹದಿನಾರು ಜನರನ್ನು ಕೇಳಿದವಳಿಗೆ ಇದೇನು ಮಹಾ. ತಲೆ ಸ್ನಾನ ಮಾಡಿದೆ.

ಜೂನ್ 5, ಶುಕ್ರವಾರ

ಒಂದು ಗಂಟೆಗೆ ಇವರ ಪಾಠ ಮುಗಿಯುತ್ತದೆ. ಒಂದೂಕಾಲಿಗೆ ಡಯಲ್ ಮಾಡಿದೆ. ಗೋಡೆಯಾಚೆ ಫೋನು ಬಡಿದುಕೊಂಡಿತು. ನಾಲ್ಕನೇ ಸಲಕ್ಕೆ ಎತ್ತಿದರು.

“ನಮಸ್ಕಾರ. ಚರ್ಮ ಮತ್ತು ನಡವಳಿಕೆ ಸಂಶೋಧನಾ ಘಟಕದಿಂದ. ತಮ್ಮ ಹತ್ತು ನಿಮಿಷ ಸಿಗಬಹುದಾ?”

“ನೀನಾ?”

“ಹೌದು. ಪಟ್ಟಿಯಲ್ಲಿ ಬಂದಿದೀರಿ.”

“ಎದ್ದು ಆ ಕಡೆ ಬರ್ಲಾ?”

“ಬೇಡ. ಫೋನಲ್ಲೇ ಕೇಳ್ಬೇಕು ಅಂತ ನಿಯಮ.”

“ಸರಿ ಮೇಡಂ, ಕೇಳಿ,” ಎಂದರು.

ವಯಸ್ಸು ಐವತ್ತೊಂದು. ಬಿಸಿಲು ಇಲ್ಲ. ಸೋಪು ಮನೆಯಲ್ಲಿ ಯಾವುದಿದೆಯೋ ಅದು. ಐದನೇ ಪ್ರಶ್ನೆ, ನಿದ್ದೆ ಎಷ್ಟು ಗಂಟೆ? ಮೊದಲು ಏಳು, ಈಗ ಎರಡು ತಿಂಗಳಿಂದ ನಾಲ್ಕು ಎಂದರು. ಕಾರಣ ಕೇಳಬೇಕು, ಕೇಳಿದೆ. ಸೋಫಾ ಗಿಡ್ಡ ಎಂದರು. ಆ ಸೋಫಾ ಅಂಗಡಿಯಲ್ಲಿ ಆರಿಸಿದವಳು ನಾನೇ. ಮತ್ತೆ ಯಾಕೆ ಅಲ್ಲೇ ಮಲಗುತ್ತೀರಿ ಎಂದು ಕೇಳಲು ಫಾರಂನಲ್ಲಿ ಜಾಗವಿರಲಿಲ್ಲ. ಅವರೇ ಹೇಳಿದರು, ಹಾಸಿಗೆ ತುಂಬಾ ಜನ ಇದಾರಲ್ಲ ಅಂತ.

ಒಂಬತ್ತನೇ ಪ್ರಶ್ನೆಯನ್ನು ಒಂದೇ ಉಸಿರಿಗೆ ಓದಿದೆ.

“ಸಂಪರ್ಕ ಅಂದ್ರೆ?” ಎಂದರು. ಇನ್ನೂರ ಹದಿನಾರು ಜನರಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ.

“ವಿವರಿಸೋ ಹಾಗಿಲ್ಲ. ತಾವು ಹೇಗೆ ತಿಳ್ಕೋತೀರೋ ಹಾಗೆ.”

ಅವರು ಮನಸ್ಸಿನಲ್ಲೇ ಲೆಕ್ಕ ಹಾಕುವುದು ನನಗೆ ಗೊತ್ತಾಗುತ್ತದೆ, ಮೂಗಿನಲ್ಲಿ ಸಣ್ಣಗೆ ಗುನುಗುತ್ತಾರೆ. ಆಮೇಲೆ ಹೇಳಿದರು:

“ಇಪ್ಪತ್ತೊಂಬತ್ತು.”

ಮನೆ ಬಿಟ್ಟು ಹೊರಗೆ ಹೋಗದ ಮನುಷ್ಯ. ಇಪ್ಪತ್ತೊಂಬತ್ತು! ಯಾರು, ಯಾವಾಗ? ನಮ್ಮ ಮನೆಯ ಹಾಲು ಹಾಕುವವರು ಹೆಂಗಸು ಎಂಬುದೂ ಆ ಕ್ಷಣಕ್ಕೆ ಹೊಳೆದುಹೋಯಿತು. ದನಿ ಗಟ್ಟಿಮಾಡಿಕೊಂಡು ಕೇಳಿದೆ, ಸಂಗಾತಿಯೋ, ಇತರರೋ?

“ಸಂಗಾತಿ. ಬೆಳಗ್ಗೆ ಟೀ ಲೋಟ ಕೊಡುವಾಗ ಬೆರಳು ತಗಲತ್ತೆ. ಮೂವತ್ತು ಆಗ್ಬೇಕಿತ್ತು. ಒಂದಿನ ನೀನು ಮಲಗಿದ್ದೆ.”

ಫಾರಂ ಕಾಣಲಿಲ್ಲ. ಕನ್ನಡಕ ಒರೆಸಿಕೊಂಡೆ, ಆದರೂ ಕಾಣಲಿಲ್ಲ. ಅಳು ಬಂದಿತ್ತು, ಅದನ್ನು ಬರೆದೇ ಬಿಡುತ್ತೇನೆ. ಎರಡು ತಿಂಗಳು ಪಕ್ಕದ ಕೋಣೆಯಲ್ಲಿದ್ದರು, ನನಗೆ ಅವರು ಬೇಕಿತ್ತು, ಬನ್ನಿ ಎಂದು ಕರೆಯಲಿಲ್ಲ.

“ಹಲೋ? ಕೇಳಿಸ್ತಾ ಇದೆಯಾ?” ಫೋನಿನಿಂದಲೂ ಬಂತು, ಗೋಡೆಯಿಂದಲೂ ಬಂತು.

“ಕೇಳಿಸ್ತಾ ಇದೆ,” ಎಂದೆ. “ಹತ್ತನೇ ಪ್ರಶ್ನೆಗೆ ಮನೆಯ ಇನ್ನೊಬ್ಬ ಸದಸ್ಯರು ಬೇಕು. ಈ ಕಡೆ ಬನ್ನಿ.”

ಪೆಟ್ಟಿಗೆ ಎಳೆದು ಬಾಗಿಲು ಪೂರ್ತಿ ತೆರೆಯುವಷ್ಟರಲ್ಲಿ ನನ್ನ ಸೊಂಟ ಹಿಡಿಯಿತು. ಇವರು ಬಂದು ಕಿಟಕಿಯ ಹತ್ತಿರ ನಿಂತರು. ಗೇಣು ದೂರ ಎಂದರೆ ಎಷ್ಟು ಹತ್ತಿರ ಎಂದು ಇಷ್ಟು ಜನರಿಗೆ ಹೇಳಿದ ನನಗೆ ತಿಳಿದಿರಲಿಲ್ಲ, ಅವರ ಉಸಿರು ನನ್ನ ಕನ್ನಡಕಕ್ಕೆ ತಗಲುತ್ತಿತ್ತು. ನಗಿ ಎಂದರೆ ನಗು ಬರಲಿಲ್ಲ, ಪಾಸ್‌ಪೋರ್ಟ್ ಫೋಟೋಗೆ ನಿಂತ ಹಾಗೆ ನಿಂತರು. ಅಜ್ಜಿಯ ಹಾಲಿನವನ ಕಥೆ ಹೇಳಿದೆ. ಮೊದಲು ಅರ್ಥವಾಗಲಿಲ್ಲ, ಆಮೇಲೆ ಒಂಬತ್ತನೇ ಪ್ರಶ್ನೆ ನಿಜವಾಗಿ ಏನು ಎಂದು ಹೊಳೆದು, ಕಿಟಕಿಯ ಸರಳು ಹಿಡಿದುಕೊಂಡು ನಕ್ಕರು. ಎಡ ಎಂಟು, ಬಲ ಎಂಟು. ಒಂದೇ ಸಲಕ್ಕೆ ಎಣಿಸಿದೆ.

“ನಿಂದು ಯಾರು ಎಣಿಸ್ತಾರೆ?” ಎಂದರು. ಎಡಗೈ ಸಹಿಯ ವಿಷಯ ಒಪ್ಪಿಕೊಂಡೆ. ಅವರು ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ಎಡಗಡೆ ಬೇಗ ಮುಗಿಯಿತು. ಬಲಗಡೆ ಐದರವರೆಗೆ ಬಂದು, ತಪ್ಪಿತು ಎಂದು ಮೊದಲಿನಿಂದ ಶುರು ಮಾಡಿದರು. ಮತ್ತೆ ನಾಲ್ಕಕ್ಕೆ ತಪ್ಪಿತು. ನೀನು ನಗಬೇಡ, ಗೆರೆ ಅಲುಗಾಡುತ್ತದೆ ಎಂದರು. ನಗಬೇಕು ಎಂಬುದೇ ನಿಯಮ ಎಂದೆ. ಇಪ್ಪತ್ತೈದು ವರ್ಷದಿಂದ ಲೆಕ್ಕ ಕಲಿಸುತ್ತಿರುವವರು ಏಳರವರೆಗೆ ಎಣಿಸಲು ಮೂರು ಗಂಟೆಯಾದರೂ ಒದ್ದಾಡುತ್ತಿದ್ದರು.

ಜೂನ್ 6, ಶನಿವಾರ

ಸಾಹೇಬರಿಗೆ ಫೋನ್ ಮಾಡಿ, ಪದ ನನ್ನದು, ತಪ್ಪು ನನ್ನದು ಎಂದೆ. “ಮೇಡಂ ಇಲ್ಲೇ ಇದಾರೆ, ಕೊಡ್ತೀನಿ,” ಎಂದರು. ಶನಿವಾರ, ಅದೂ ಸಂಸ್ಥೆಗೆ ರಜೆಯ ದಿನ. ಮೇಡಂ ಬೈದರು. ಸೋಮವಾರದಿಂದ ಎಲ್ಲರನ್ನೂ ಮತ್ತೆ ಕೇಳಬೇಕು, ಈ ಸಲ ಸುತ್ತಿ ಬಳಸದೆ. ಆಗಲಿ ಎಂದೆ. ಪದ ಯಾವುದಾದರೂ ಇರಲಿ, ಹೇಳುತ್ತೇನೆ.

ಬೆಳಗ್ಗೆ ಬಾಗಿಲ ಸಂದಿಯಲ್ಲಿ ಟೀ ಬರಲಿಲ್ಲ. ತರಬೇಕಾದವರು ಒಳಗೇ ಮಲಗಿದ್ದರು. ಎಂಟರ ಪಾಠಕ್ಕೆ ಕಾಲು ಗಂಟೆ ತಡ, ಬೇರೆ ಶರ್ಟು ಸಿಗದೆ ಗುಂಡಿಯಿಲ್ಲದ್ದನ್ನೇ ಹಾಕಿಕೊಂಡು ಓಡಿದರು. ಇನ್ನೂರ ಹದಿನೇಳು ಜನ ಈಗ ಮುಂದಿನ ಕೋಣೆಯ ಸೋಫಾದ ಮೇಲಿದ್ದಾರೆ, ಸುಕ್ಕಿನ ಪ್ರಕಾರ ಜೋಡಿಸಲು ಪುರುಸೊತ್ತಾಗಿಲ್ಲ. ಇವರ ಫಾರಂನಲ್ಲಿ ಇಪ್ಪತ್ತೊಂಬತ್ತು ಹಾಗೇ ಇದೆ. ಅದನ್ನು ತಿದ್ದುವುದಿಲ್ಲ.